ಗಾಳಿಗೆ ಬೆನ್ನು ಕೊಟ್ಟು ಕಡಲಕ್ಕಿ ನೋಡಿದ್ದು

ಮೊದಲ ಸಲ ಮಾಡಿದ್ದು ಶುದ್ಧ ಪೆದ್ದತನ. ಬಿರುಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು, ನಾನೂ ಸಮುದ್ರಕ್ಕೇ ಎದುರಾಗಿ ಬೈನಾಕ್ಯುಲರ್ ಹಿಡಿದು ನಿಂತೆ. ಎರಡೇ ನಿಮಿಷದಲ್ಲಿ ಮಳೆಹನಿ, ಉಪ್ಪುನೀರಿನ ತುಂತುರು ಸೇರಿ ಲೆನ್ಸ್ ಮೇಲೆ ಹಾಲಿನಂಥ ಪರದೆ. ಅಂಗಿಯ ತುದಿಯಿಂದ ಒರೆಸಿದೆ. ಅದೂ ಒದ್ದೆ, ಮೇಲೆ ಮರಳು ಬೇರೆ. ಆಗ ಬಿದ್ದ ಗೀರು ಇವತ್ತಿಗೂ ಹಾಗೇ ಇದೆ. ಕಡಲಕ್ಕಿಗಳೇನೋ ಬೇಕಾದಷ್ಟು ಹಾರಿಹೋದವು, ಒಂದರ ಹೆಸರೂ ಬರೆದುಕೊಳ್ಳಲಾಗಲಿಲ್ಲ.

ಮುಂದಿನ ಬಿರುಗಾಳಿಗೆ ಹಾರುವ ಹಕ್ಕಿಯ ಆಸೆ ಬಿಟ್ಟೆ. ಗಾಳಿ ಜೋರಾದಾಗ ಗಲ್ ಎಂಬ ಕಡಲಕ್ಕಿಗಳು ದಡದ ಹಿಂದಿನ ಬಯಲಿಗೋ ತಗ್ಗಿನಲ್ಲಿ ನಿಂತ ನೀರಿನ ಬಳಿಗೋ ಬಂದು ಗುಂಪಾಗಿ ಕೂರುತ್ತವೆ, ಎಲ್ಲವೂ ಗಾಳಿಗೆ ಮುಖ ಕೊಟ್ಟು. ಹಿಂದಿನಿಂದ ಬಡಿದರೆ ಗಾಳಿ ಗರಿಯೊಳಕ್ಕೇ ನುಗ್ಗುತ್ತದಲ್ಲ. ಸಮುದ್ರಕ್ಕೂ ಬಯಲಿಗೂ ನಡುವೆ ಮರಳಿನ ದಿಬ್ಬವೊಂದಿತ್ತು. ಅದರ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತೆ. ಗಾಳಿ, ಮಳೆ ಎರಡೂ ಬೆನ್ನಿಗೆ. ಲೆನ್ಸ್ ಒಣಗಿಯೇ ಉಳಿಯಿತು. ಇಡೀ ಗುಂಪು ಫೋಟೋಗೆ ನಿಂತ ಮದುವೆ ಮನೆಯವರ ಹಾಗೆ ನನ್ನ ಕಡೆಗೇ ನೋಡುತ್ತಿತ್ತು.

ಸ್ಪಾಟಿಂಗ್ ಸ್ಕೋಪಿನ, ಅಂದರೆ ದೂರದ ಹಕ್ಕಿ ನೋಡುವ ದುರ್ಬೀನಿನ, ಟ್ರೈಪಾಡನ್ನು ಎದೆಯೆತ್ತರಕ್ಕೆ ಏರಿಸಿದರೆ ಚಿತ್ರ ನಡುಗುತ್ತದೆ. ಕಾಲುಗಳನ್ನು ಪೂರ್ತಿ ಗಿಡ್ಡ ಮಾಡಿ, ನಡುವೆ ಚೀಲ ತೂಗುಹಾಕಿದೆ. ಕಣ್ಣಿಡುವ ಗಾಜಿಗೆ ಉಸಿರು ತಾಗಿದರೆ ಮಂಜು ಕಟ್ಟುತ್ತದೆ, ಬಾಯಿ ಪಕ್ಕಕ್ಕೆ ತಿರುಗಿಸಿ ಉಸಿರಾಡುವುದು ಅಭ್ಯಾಸವಾಯಿತು. ಬರೆಯಲು ಪೆನ್ಸಿಲ್ಲೇ. ಪೆನ್ನಿನಲ್ಲಿ ಬರೆದ ಒಂದು ಪುಟ ನೀಲಿ ಮೋಡವಾಗಿ ಹೋದದ್ದನ್ನು ನೋಡಿದ್ದೇನೆ.

ಮೋಡದ ಬೆಳಕನ್ನು ಬೈಯುವವರಿದ್ದಾರೆ, ನನಗದು ವರ. ಬಿಸಿಲಿನಲ್ಲಿ ಬಿಳಿಗರಿ ಕಣ್ಣು ಕುಕ್ಕಿ, ಬೆನ್ನಿನ ಬೂದುಬಣ್ಣ ತೆಳುವೋ ಗಾಢವೋ ತಿಳಿಯುವುದೇ ಇಲ್ಲ. ಆದರೆ ತಲೆಯ ಆಕಾರ ನಂಬಬೇಡಿ: ಒದ್ದೆಗರಿ ಅಂಟಿಕೊಂಡರೆ ದುಂಡು ತಲೆಯೂ ಚಪ್ಪಟೆಯಾಗುತ್ತದೆ. ಕಂದುಕಂದಾಗಿ ಚುಕ್ಕೆಯಿರುವ ಮರಿಗಳ ತಂಟೆಗೂ ಆ ದಿನ ಹೋಗಲಿಲ್ಲ. ದೊಡ್ಡ ಜಾತಿಗಳಿಗೆ ಪೂರ್ಣ ಬಣ್ಣ ಬರಲು ಸುಮಾರು 4 ವರ್ಷ ಬೇಕು, ವರ್ಷಕ್ಕೊಂದು ವೇಷ.

ನನಗೆ ಬೇಕಿದ್ದುದು ಎರಡು ಜಾತಿ ಬಿಡಿಸುವುದು: ಕಪ್ಪುತಲೆಯದು, ಕಂದುತಲೆಯದು. ಹೆಸರು ಕೇಳಿ ಸುಲಭ ಅಂದುಕೊಳ್ಳಬೇಡಿ. ಕಪ್ಪುತಲೆಯದರ ತಲೆಯೂ ನಿಜಕ್ಕೆ ಚಾಕಲೇಟ್ ಕಂದು, ಚಳಿಗಾಲದಲ್ಲಂತೂ ಎರಡಕ್ಕೂ ಬಿಳಿ ತಲೆ, ಕಿವಿಯ ಬಳಿ ಮಸಿಬೊಟ್ಟು. ಬೆಳೆದ ಹಕ್ಕಿಯಾದರೆ ಕಣ್ಣು ನೋಡಬೇಕು: ಕಪ್ಪುತಲೆಯದಕ್ಕೆ ಕಡುಗಣ್ಣು, ಕಂದುತಲೆಯದಕ್ಕೆ ಬೆಳ್ಳಗಣ್ಣು. ಎಲ್ಲವೂ ನನ್ನತ್ತಲೇ ಮುಖ ಮಾಡಿದ್ದರಿಂದ ಸಾಲಾಗಿ ಕಣ್ಣು ಎಣಿಸುತ್ತ ಹೋದೆ. ನಡುವೆ ಒಂದು ಕಪ್ಪುತಲೆ ಒದ್ದೆ ಹುಲ್ಲಿನ ಮೇಲೆ ನಿಂತಲ್ಲೇ ತಕತಕ ಕಾಲು ಕುಟ್ಟತೊಡಗಿತು. ಹಾಗೆ ಕುಟ್ಟಿದರೆ ಎರೆಹುಳು ಮೇಲೆ ಬರುತ್ತದೆ. ಕೊಕ್ಕು ಬಗ್ಗಿಸಿ ಒಂದನ್ನು ಎಳೆದೂಬಿಟ್ಟಿತು. ಎಣಿಕೆ ತಪ್ಪಿಹೋಗಿ ಮತ್ತೆ ಮೊದಲಿಂದ.

ಬಲಗಡೆ ತುದಿಯಲ್ಲಿ ಕೊಕ್ಕು ಸ್ವಲ್ಪ ದಪ್ಪಗಿದ್ದ ಒಂದು ಹಕ್ಕಿ. ಕಣ್ಣು ಬೆಳ್ಳಗೆ ಕಂಡಿತು, ಆದರೆ ಮಳೆಯಲ್ಲಿ ಕಣ್ಣೊಂದನ್ನೇ ನಂಬಲು ಧೈರ್ಯವಿಲ್ಲ. ರೆಕ್ಕೆ ಬಿಚ್ಚಲೆಂದು ಕಾದೆ. ಮುಕ್ಕಾಲು ಗಂಟೆ. ಕಾಲು ಜೋಮು ಹಿಡಿದು ಕಲ್ಲಾಯಿತು. ಆಮೇಲೆ ಒಂದು ದೊಡ್ಡ ಗಾಳಿಯಲೆ ಬಂದು ಗುಂಪನ್ನೆಲ್ಲ ಒಮ್ಮೆಗೇ ಎತ್ತಿತು. ಗಾಳಿಗೆದುರಾಗಿ, ಅಂದರೆ ನನ್ನತ್ತಲೇ ಎದ್ದ ಹಕ್ಕಿಗಳು ಎರಡು ಮೂರು ಕ್ಷಣ ಅಲ್ಲೇ ತೇಲಿ, ಓರೆಯಾಗಿ ವಾಲಿದವು. ಉಳಿದವುಗಳ ರೆಕ್ಕೆಯ ಮುಂಚೂಣಿಯಲ್ಲಿ ಉದ್ದ ಬಿಳಿ ಪಟ್ಟಿ. ಆ ಒಂದರದು ಮಾತ್ರ ಅಗಲ ಕಪ್ಪು ತುದಿ, ಕಪ್ಪಿನೊಳಗೆ ಕಿಟಕಿಯ ಹಾಗೆ ಬಿಳಿ ಮಚ್ಚೆ: ಕಂದುತಲೆಯದೇ.

ನೆನೆದ ಪುಟದಲ್ಲಿ ಪೆನ್ಸಿಲ್ ಗೀಚಿದ್ದು ಇಷ್ಟು: ಕಪ್ಪುತಲೆ 31, ಕಂದುತಲೆ 1, ಗೊತ್ತಾಗದ್ದು 6.