ಮಕ್ಕಳ ಭೇದಿಗೆ ಸುಮ್ನೆ ಆಂಟಿಬಯೋಟಿಕ್ ಬರೆಯೋದು ನಮ್ಮಲ್ಲಿ ಹೇಗೆ ಕಡಿಮೆ ಆಯ್ತು

ಮಗುವಿಗೆ ನೀರಿನಂಥ ಭೇದಿ ಆದರೆ ಓಆರ್‌ಎಸ್ ಜೊತೆ 10ರಿಂದ 14 ದಿನ ಝಿಂಕ್ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಹೇಳಿವೆ. ಆಂಟಿಬಯೋಟಿಕ್ ಬೇಕಾಗುವುದು ಮುಖ್ಯವಾಗಿ ರಕ್ತಭೇದಿಗೆ, ಕಾಲರಾ ಅನುಮಾನಕ್ಕೆ. ನಮ್ಮ ಆಸ್ಪತ್ರೆಯ ಎಲ್ಲ ಡಾಕ್ಟರಿಗೂ ಇದು ಗೊತ್ತು. ಆದರೂ ಚೀಟಿಯಲ್ಲಿ ಆಂಟಿಬಯೋಟಿಕ್ ಸಿರಪ್ ಬರುತ್ತಲೇ ಇತ್ತು. ತರಬೇತಿ ಆಯ್ತು, ಪೋಸ್ಟರ್ ಅಂಟಿಸಿದ್ದೂ ಆಯ್ತು, ಏನೂ ಬದಲಾಗಲಿಲ್ಲ.

ಕೊನೆಗೆ ಒಪಿಡಿಯಲ್ಲೇ ಕೂತು ನೋಡಿದೆ. ಬೆಳಗ್ಗೆ ಜನ ಜಾಸ್ತಿ, ಓಆರ್‌ಎಸ್ ಕಲಸೋದು ಹೇಗೆ ಅಂತ ತಾಯಿಗೆ ಹೇಳಿಕೊಡಲು ಡಾಕ್ಟರಿಗೆ ಪುರುಸೊತ್ತಿಲ್ಲ, ಅದರ ಮೇಲೆ "ಬರೀ ಪುಡಿ ಕೊಟ್ರಲ್ಲ ಸಾರ್, ಔಷಧಿ ಇಲ್ವಾ?" ಅಂತ ಕೇಳಿದ ತಕ್ಷಣ ಪೆನ್ನು ಸಿರಪ್ ಕಡೆ ಹೋಗುತ್ತದೆ.

ಹಾಗಾಗಿ ಸಿಸ್ಟರ್‌ಗಳ ಜೊತೆ ಮಾತಾಡಿ ಒಪಿಡಿ ಬಾಗಿಲ ಪಕ್ಕ ಒಂದು ಮೇಜು ಹಾಕಿಸಿದೆ. ಒಂದು ಲೀಟರಿನ ಜಗ್, ಕುಡಿಯುವ ನೀರು, ಲೋಟ, ಚಮಚ, ಓಆರ್‌ಎಸ್ ಪ್ಯಾಕೆಟ್. ಡಾಕ್ಟರಿಗೆ ಕಾಯುವಾಗಲೇ ತಾಯಂದಿರು ತಾವೇ ಕಲಸಿ ಮಗುವಿಗೆ ಚಮಚದಲ್ಲಿ ಕುಡಿಸಲು ಶುರು ಮಾಡುತ್ತಾರೆ. ಒಳಗೆ ಬರುವಷ್ಟರಲ್ಲಿ ಮಗು ಸ್ವಲ್ಪ ಗೆಲುವಾಗಿರುತ್ತದೆ, ಸಿರಪ್ ಕೇಳುವವರೇ ಕಡಿಮೆ. ಚೀಟಿಯಲ್ಲಿ ಓಆರ್‌ಎಸ್, ಝಿಂಕ್ ಎರಡನ್ನೂ ಅಚ್ಚು ಹಾಕಿಸಿದೆವು. ಆಂಟಿಬಯೋಟಿಕ್ ಬರೆದರೆ ಕಾರಣವನ್ನೂ ಬರೆಯಬೇಕು. ತಿಂಗಳ ಕೊನೆಗೆ ಪ್ರತಿ ಡಾಕ್ಟರಿಗೂ ಅವರವರ ಲೆಕ್ಕ ಅವರ ಕೈಗೇ ಕೊಡುತ್ತೇವೆ, ಎಲ್ಲರೆದುರು ಓದುವುದಿಲ್ಲ. ನನ್ನ ಪ್ರಕಾರ ಇದು ತುಂಬಾ ಮುಖ್ಯ. ಮರ್ಯಾದೆ ಹೋಗುತ್ತದೆ ಅನ್ನಿಸಿದರೆ ಯಾರು ತಾನೇ ಬದಲಾಗುತ್ತಾರೆ, ಅಲ್ವಾ?

ಹಗಲಿನ ಒಪಿಡಿಯಲ್ಲಿ ಈಗ ಸಿರಪ್ ಅಪರೂಪ. ರಾತ್ರಿ ಪಾಳಿಯಲ್ಲಿ ಮೇಜಿನ ಹತ್ತಿರ ಸಿಸ್ಟರ್ ಇರುವುದಿಲ್ಲ, ಅಲ್ಲಿ ಇನ್ನೂ ಹಳೇ ಅಭ್ಯಾಸವೇ ಇದೆ. ಈಗ ಅದಕ್ಕೆ ಕೈ ಹಾಕಿದ್ದೇವೆ.