ರೆಕಾರ್ಡ್ ಸ್ಟೋರ್ ಡೇ: ಸಾಲಿಗೆ ನಿಲ್ಲುವ ಮೊದಲು ಪಟ್ಟಿ ಮಾಡಿ

ಏಪ್ರಿಲ್‌ನಲ್ಲಿ ರೆಕಾರ್ಡ್ ಸ್ಟೋರ್ ಡೇ, ಅಂದರೆ ಗ್ರಾಮಫೋನ್ ರೆಕಾರ್ಡ್ ಅಂಗಡಿಗಳ ಹಬ್ಬ, ಮುಗಿದ ಸಂಜೆ ಸಾನ್ ಫ್ರಾನ್ಸಿಸ್ಕೊ ಸುತ್ತಲಿನ ನಮ್ಮ ಬೇ ಏರಿಯಾದ ಕನ್ನಡ ಹುಡುಗರಲ್ಲಿ ಒಬ್ಬಿಬ್ಬರಾದರೂ ಫೋನ್ ಮಾಡುತ್ತಾರೆ. ‘ಐದು ಗಂಟೆಗೇ ಹೋಗಿ ನಿಂತಿದ್ದೆ, ಆದರೂ ಬೇಕಾದದ್ದು ಸಿಗಲಿಲ್ಲ ಅಕ್ಕಾ’ ಅನ್ನುತ್ತಾರೆ. ವಿಚಾರಿಸಿದರೆ ಆ ದಿನ ಬರುವ ರೆಕಾರ್ಡುಗಳ ಪಟ್ಟಿಯನ್ನೇ ಸರಿಯಾಗಿ ಓದಿರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ದಿನ ಶುರುವಾದದ್ದು 2008ರ ಏಪ್ರಿಲ್ 19ರಂದು. ಆ ವರ್ಷ ಮೆಟಾಲಿಕಾ ಎಂಬ ರಾಕ್ ಸಂಗೀತ ತಂಡದವರು ಅಭಿಮಾನಿಗಳನ್ನು ಭೇಟಿಯಾದದ್ದು ಇಲ್ಲೇ, ಮೌಂಟನ್ ವ್ಯೂನ ರಾಸ್ಪುಟಿನ್ ಅಂಗಡಿಯಲ್ಲಿ. ಈಗ ಪ್ರತಿ ವರ್ಷ ಏಪ್ರಿಲ್‌ನ ಒಂದು ಶನಿವಾರ ಇದು ನಡೆಯುತ್ತದೆ. ಆ ದಿನಕ್ಕೆಂದೇ ಒತ್ತಿಸಿದ ರೆಕಾರ್ಡ್‌ಗಳು ಸ್ವತಂತ್ರ ಅಂಗಡಿಗಳಿಗೆ ಮಾತ್ರ ಬರುತ್ತವೆ. ಸ್ವತಂತ್ರ ಅಂದರೆ ಯಾವುದು ಅನ್ನುವುದಕ್ಕೂ ನಿಯಮವಿದೆ. ಮಾರುವ ಸರಕಿನಲ್ಲಿ ಅರ್ಧವಾದರೂ ಸಂಗೀತವೇ ಇರಬೇಕು. ಮಾಲೀಕತ್ವದಲ್ಲಿ ಶೇ 70ರಷ್ಟು ಅದೇ ರಾಜ್ಯದವರದ್ದಾಗಿರಬೇಕು. ಕಂಪನಿ ಷೇರುಪೇಟೆಯಲ್ಲಿ ಇರಬಾರದು.

1. ಅಂಗಡಿ ಆರಿಸಿ. ಸಾನ್ ಫ್ರಾನ್ಸಿಸ್ಕೊದ ಹೇಟ್ ಸ್ಟ್ರೀಟ್‌ನಲ್ಲಿರುವ ಅಮೀಬಾ ಹಳೆಯ ಬೌಲಿಂಗ್ ಆಟದ ಕಟ್ಟಡದಲ್ಲಿದೆ. ಅಷ್ಟು ದೊಡ್ಡ ಅಂಗಡಿಗೆ ಸರಕು ಜಾಸ್ತಿ, ಜನವೂ ಜಾಸ್ತಿ. ನನಗೆ ಸಣ್ಣ ಅಂಗಡಿಯೇ ಇಷ್ಟ. ನೀವೂ ವರ್ಷವಿಡೀ ಕೊಳ್ಳುವ ಅಂಗಡಿಗೇ ಹೋಗಿ. ಒಂದು ವಾರ ಮೊದಲು ಫೋನ್ ಮಾಡಿ, ಯಾವ್ಯಾವುದಕ್ಕೆ ಆರ್ಡರ್ ಹಾಕಿದ್ದಾರೆ ಎಂದು ಕೇಳಿ. ‘ನನಗೊಂದು ಎತ್ತಿಡಿ’ ಎಂದು ಮಾತ್ರ ಕೇಳಬೇಡಿ. ಮೊದಲು ಬಂದವರಿಗೆ ಮೊದಲು ಅನ್ನುವುದೇ ಈ ದಿನದ ಪದ್ಧತಿ. ಅಂಗಡಿಯವರನ್ನು ಸುಮ್ನೆ ಮುಜುಗರಕ್ಕೆ ಸಿಕ್ಕಿಸಿದಂತಾಗುತ್ತದೆ.

2. ಪಟ್ಟಿ ಮಾಡಿ. ಎಡವುವುದು ಇಲ್ಲೇ. ಅಧಿಕೃತ ಪಟ್ಟಿ ವಾರಗಳ ಮೊದಲೇ ಬಂದಿರುತ್ತದೆ. ಜನ ಹೆಸರು ನೋಡಿ ಗುರುತು ಹಾಕಿಕೊಳ್ಳುತ್ತಾರೆ, ಪಕ್ಕದಲ್ಲಿ ಬರೆದಿರುವುದನ್ನು ಓದುವುದಿಲ್ಲ.

ಮೊದಲು ವರ್ಗ ನೋಡಿ. ‘ಎಕ್ಸ್‌ಕ್ಲೂಸಿವ್’ ಅಂದರೆ ಈ ಅಂಗಡಿಗಳಲ್ಲಿ ಮಾತ್ರ ಸಿಗುವಂಥದ್ದು. ‘ಫಸ್ಟ್’ ಅಂದರೆ ಇಲ್ಲಿ ಮೊದಲು ಬರುತ್ತದೆ, ಮುಂದೆ ಬೇರೆ ಕಡೆಯೂ ಬರಬಹುದು. ಅದಕ್ಕಾಗಿ ನಿದ್ದೆ ಕೆಡಬೇಡಿ, ಪಟ್ಟಿಯ ಕೊನೆಗೆ ಹಾಕಿ. ‘ಸ್ಮಾಲ್ ರನ್’ ಅಂತಿದ್ದರೆ ಸಾವಿರಕ್ಕಿಂತ ಕಡಿಮೆ ಪ್ರತಿ. ನಿಮಗೆ ನಿಜವಾಗಿ ಬೇಕಾದದ್ದು ಇದರಲ್ಲಿದ್ದರೆ ಅದೇ ಮೊದಲ ಸಾಲಿನಲ್ಲಿರಲಿ.

ಆಮೇಲೆ ಸಂಖ್ಯೆ ನೋಡಿ. 2023ರಲ್ಲಿ ಟೇಲರ್ ಸ್ವಿಫ್ಟ್ ಅವರ ರೆಕಾರ್ಡ್ ಅಮೆರಿಕಕ್ಕೇ 75,000 ಪ್ರತಿ ಬಂದಿತ್ತು. ಎಂಟುನೂರು ಪ್ರತಿಯ ಜಾಜ್ ರೆಕಾರ್ಡಿಗೂ ಅದಕ್ಕೂ ಒಂದೇ ಅವಸರ ಬೇಕಿಲ್ಲ ಅಲ್ವಾ?

ಕೊನೆಗೆ ತಟ್ಟೆಯ ಬಗೆ. ಬಣ್ಣದ ತಟ್ಟೆ ಪರವಾಗಿಲ್ಲ, ಈಗ ಚೆನ್ನಾಗಿಯೇ ಒತ್ತುತ್ತಾರೆ. ಪಿಕ್ಚರ್ ಡಿಸ್ಕ್ ಮಾತ್ರ ಕೇಳುವುದಕ್ಕೆ ಕೊಳ್ಳಬೇಡಿ. ಚಿತ್ರದ ಕಾಗದದ ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ, ಗೆರೆಗಳು ಅದರಲ್ಲೇ. ಹಾಡಿನ ಹಿಂದೆ ಸರಸರ ಸದ್ದು ಕೇಳುತ್ತದೆ. ‘180 ಗ್ರಾಂ’ ಎಂಬ ಸ್ಟಿಕರ್‌ಗೂ ಮರುಳಾಗಬೇಡಿ. ತೂಕ ಹೆಚ್ಚಿದ ಮಾತ್ರಕ್ಕೆ ಧ್ವನಿ ಚೆನ್ನಾಗಿರುವುದಿಲ್ಲ. ಮಾಸ್ಟರ್ ಮಾಡಿದವರು, ಅಂದರೆ ಒತ್ತುವ ಮೊದಲು ಧ್ವನಿಯನ್ನು ಹದಗೊಳಿಸಿದವರು ಯಾರು, ಯಾವ ಟೇಪಿನಿಂದ ಮಾಡಿದರು ಅನ್ನುವುದು ಮುಖ್ಯ.

ಇಷ್ಟಾದ ಮೇಲೆ ಐದೇ ಹೆಸರು ಉಳಿಸಿಕೊಳ್ಳಿ. ಇಪ್ಪತ್ತು ಬರೆದುಕೊಂಡು ಹೋದವರು ಒಳಗೆ ಹೋಗಿ ಗಲಿಬಿಲಿಯಾಗಿ ಕೈಗೆ ಸಿಕ್ಕಿದ್ದನ್ನು ತರುತ್ತಾರೆ. ಮಾರಿ ಲಾಭ ಮಾಡುವ ಆಸೆಯಿಂದ ಒಂದನ್ನೂ ಸೇರಿಸಬೇಡಿ. ಅದನ್ನು ಕೇಳಬೇಕೆಂದು ಬಂದವರು ನಿಮ್ಮ ಹಿಂದೆಯೇ ನಿಂತಿರುತ್ತಾರೆ.

3. ಸಾಲಿನಲ್ಲಿ ನಿಲ್ಲಿ. ಸ್ವೆಟರ್, ನೀರು, ಮಡಚುವ ಕುರ್ಚಿ. ಇಷ್ಟು ಸಾಕು.

4. ದುಡ್ಡು ಕೊಡುವ ಮೊದಲು ನೋಡಿ. ಕವರಿನ ಮೂಲೆ ಜಜ್ಜಿದೆಯೇ, ಅಂಚಿನ ಅಂಟು ಬಿಟ್ಟಿದೆಯೇ ಎಂದು ಬೆರಳಾಡಿಸಿ. ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ನೋಡಿ. ಕವರ್ ಬಾಗಿದ್ದರೆ ಒಳಗಿನ ತಟ್ಟೆಯೂ ಬಾಗಿರಬಹುದು. ಒಂದು ವರ್ಷ ನಾನು ಅವಸರದಲ್ಲಿ ನೋಡದೆ ತಂದೆ. ಮುಳ್ಳು ಸುತ್ತಿಗೊಮ್ಮೆ ಎದ್ದು ಬೀಳುತ್ತಿತ್ತು. ಬದಲಿಗೆ ಕೊಡಲು ಅಂಗಡಿಯಲ್ಲಿ ಇನ್ನೊಂದು ಪ್ರತಿ ಇರಲಿಲ್ಲ. ರಸೀದಿ ಜೋಪಾನವಾಗಿಡಿ, ಮನೆಗೆ ಹೋದ ದಿನವೇ ಎರಡೂ ಬದಿ ಹಾಕಿ ಕೇಳಿ.

5. ಮನೆಗೆ ತನ್ನಿ. ದಾರಿಯಲ್ಲಿ ಊಟಕ್ಕೆ ನಿಂತರೆ ಕಾರಿನಲ್ಲಿ ಬಿಡಬೇಡಿ, ಬಿಸಿಲಿಗೆ ತಟ್ಟೆ ಬೆಂಡಾಗುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನು ಕವರ್ ಬಾಯಿ ತೆರೆಯುವ ಕಡೆ ಉಗುರಿನಿಂದ ಸೀಳಿ ಪೂರ್ತಿ ತೆಗೆಯಿರಿ. ಬಿಗಿಯಾದ ಹೊದಿಕೆ ಹಾಗೇ ಉಳಿದರೆ ಕವರನ್ನು ಎಳೆದು ಬಗ್ಗಿಸುತ್ತದೆ. ನಿಲ್ಲಿಸಿಯೇ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಪೆಟ್ಟಿಗೆಯಂತೆ ಮುಚ್ಚಿ ಒಯ್ಯುವ ಅಗ್ಗದ ಸೂಟ್‌ಕೇಸ್ ಪ್ಲೇಯರ್‌ನಲ್ಲಂತೂ ಹಾಕಲೇಬೇಡಿ. ಅದರ ಮುಳ್ಳು ಗೆರೆಯ ಮೇಲೆ ತುಂಬಾ ಭಾರ ಬಿಡುತ್ತದೆ. ಊರಿಗೆ ಒಯ್ಯುವವರು ಕೈಚೀಲದಲ್ಲೇ ಇಟ್ಟುಕೊಳ್ಳಿ, ಎರಡು ರಟ್ಟಿನ ನಡುವೆ.

ಐದರಲ್ಲಿ ಮೂರು ಸಿಗಲಿಲ್ಲವೇ? ಆ ರಾತ್ರಿಯೇ ಇಂಟರ್‌ನೆಟ್‌ನಲ್ಲಿ ಮೂರು ಪಟ್ಟು ದುಡ್ಡು ಕೊಟ್ಟು ತರಿಸಬೇಡಿ. ಮಂಗಳವಾರ ಅದೇ ಅಂಗಡಿಗೆ ಹೋಗಿ, ಉಳಿದ ಡಬ್ಬಿಯನ್ನು ನಿಧಾನವಾಗಿ ಹುಡುಕಿ. ನನ್ನ ಇಷ್ಟದ ಎರಡು ರೆಕಾರ್ಡ್ ಸಿಕ್ಕಿದ್ದು ಅಂಥ ಮಂಗಳವಾರಗಳಲ್ಲೇ.