ಎರಡನೇ ಗಂಟೆಗೂ ಬೇಸ್ ಉಳಿಯಬೇಕು: ನಾನು ಸಬ್ ಆರಿಸಿಕೊಂಡ ಬಗೆ

ಅದು ಬಯಲಿನ ಶೋ. ಎದುರಿಗೆ ಸುಮಾರು 300 ಜನ. ನನ್ನ ಹತ್ತಿರ ಇದ್ದದ್ದು 12 ಇಂಚಿನ ಎರಡು ಸಬ್ (ಬೇಸ್ ಮಾತ್ರ ನುಡಿಸುವ ಸ್ಪೀಕರ್ ಬಾಕ್ಸ್), ಮೇಲೆ ಉಳಿದ ಶಬ್ದಕ್ಕೆ ಎರಡು ಟಾಪ್. ಸೌಂಡ್ ಚೆಕ್‌ನಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಎದೆಗೆ ಬಡಿಯುತ್ತಿತ್ತು. ಜನ ತುಂಬಿದರು, ಶೋ ಶುರುವಾಯಿತು. ನಾಲ್ಕನೇ ಹಾಡಿನ ಹೊತ್ತಿಗೆ ಎರಡೂ ಸಬ್‌ನ ಲಿಮಿಟರ್ (ಶಬ್ದ ಮಿತಿ ಮೀರದಂತೆ ಹಿಡಿಯುವ ರಕ್ಷಣೆ) ಲೈಟ್ ಆರದೆ ಕೆಂಪಗೆ ಉರಿಯುತ್ತಿತ್ತು. ಫೇಡರ್ ಎಷ್ಟು ತಳ್ಳಿದರೂ ಬೇಸ್ ಮಾತ್ರ ಮೇಲೆ ಬರಲಿಲ್ಲ. ಹಿಂದಿನ ಸಾಲಿನಿಂದ ನನ್ನ ಜೊತೆಯ ಹುಡುಗ ಓಡಿ ಬಂದು ಕಿವಿಯಲ್ಲಿ ಕೂಗಿದ: "ಅಣ್ಣಾ, ಬೇಸ್ ಎಲ್ಲಿ ಹೋಯ್ತು?"

ಶೋ ಮುಗಿದ ಮೇಲೆ ಕೇಬಲ್ ಬಿಚ್ಚಲು ಹೋಗಿ ಸಬ್‌ನ ಹಿಂದಿನ ಪ್ಲೇಟ್ ಮುಟ್ಟಿದೆ. ಕೈ ಇಡಲಾಗಲಿಲ್ಲ. ಪೋರ್ಟ್, ಅಂದರೆ ಬಾಕ್ಸ್‌ನ ಗಾಳಿಯ ತೂತಿನ ಹತ್ತಿರ ಬಗ್ಗಿದರೆ ಕಮಟು ವಾಸನೆ. ಸ್ಪೀಕರ್‌ನ ಕೋನ್ ಅಲುಗಿಸುವ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್‌ನ ವಾರ್ನಿಷ್ ಬೆಂದಾಗ ಬರುವ ವಾಸನೆ ಅದು. ಒಮ್ಮೆ ಮೂಸಿದವರಿಗೆ ಮರೆಯುವುದಿಲ್ಲ.

ಅವತ್ತೇ ತೀರ್ಮಾನಿಸಿದೆ. ಮುಂದೆ ಕೊಳ್ಳುವ ಸಬ್ ಅನ್ನು ಎರಡನೇ ಗಂಟೆಯ ಕೊನೆಗೆ ಅಳೆದೇ ಕೊಳ್ಳಬೇಕು. ಮತ್ತೆ, ಅದನ್ನು ನಾನು ಮತ್ತು ಆ ಹುಡುಗ ಇಬ್ಬರೇ ಹೊತ್ತು ಇಡುವಂತಿರಬೇಕು. ಈ ಎರಡು ಮಾತನ್ನು ಒಟ್ಟಿಗೆ ಹಿಡಿದುಕೊಂಡು ಹುಡುಕುವುದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಮೊದಲು ಕೂತು ನನಗೆ ಬೇಕಾದ್ದೇನು ಎಂದು ಬರೆದುಕೊಂಡೆ. ಕಿಕ್ ಡ್ರಮ್‌ನ ಪೆಟ್ಟು ಹೆಚ್ಚಾಗಿ 50ರಿಂದ 60 ಹರ್ಟ್ಜ್ ಸುತ್ತ ಇರುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಕೆಳಗಿನ ಇ ಸ್ವರ ಸುಮಾರು 41 ಹರ್ಟ್ಜ್. ಐದು ತಂತಿಯದಾದರೆ ಕೆಳಗಿನ ಬಿ ಸ್ವರ 31 ಹರ್ಟ್ಜ್‌ಗೆ ಇಳಿಯುತ್ತದೆ. ಆ 31ರ ಆಸೆ ನನಗೂ ಇತ್ತು. ಆದರೆ ಸ್ಪೀಕರ್ ಕೆಲಸದಲ್ಲಿ ಹಾಫ್‌ಮನ್ ಅವರ ಹೆಸರಿನ ಒಂದು ಗಟ್ಟಿ ನಿಯಮ ಇದೆ. ಕೆಎಲ್‌ಎಚ್ ಎಂಬ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ 'ಎಚ್' ಅವರದೇ. ಬಾಕ್ಸ್ ಚಿಕ್ಕದಿರಬೇಕು, ಬೇಸ್ ಆಳಕ್ಕೆ ಇಳಿಯಬೇಕು, ಕಡಿಮೆ ಪವರ್‌ಗೆ ಜೋರಾಗಿ ನುಡಿಯಬೇಕು. ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ, ಮೂರನೆಯದನ್ನು ಬಿಡಲೇಬೇಕು. ನಾನು ಆಳವನ್ನು ಬಿಟ್ಟೆ. 40 ಹರ್ಟ್ಜ್ ತನಕ ಗಟ್ಟಿಯಾಗಿ ಬಂದರೆ ಸಾಕು ಎಂದುಕೊಂಡೆ. 31ರ ಸ್ವರ ನುಡಿಸಿದಾಗ ಅದರ ಎರಡರಷ್ಟು, ಅಂದರೆ 62 ಹರ್ಟ್ಜ್ ಕೂಡ ಬರುತ್ತದೆ. ಅದನ್ನು ಕೇಳಿದ ಕಿವಿ ಕೆಳಗಿನದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಸಿನಿಮಾ ಹಾಲ್‌ಗೆ ಈ ಲೆಕ್ಕ ಸರಿಹೋಗಲಿಕ್ಕಿಲ್ಲ. ಲೈವ್ ಬ್ಯಾಂಡ್‌ಗೆ ಸಾಕಾಗುತ್ತದೆ.

ಆಮೇಲೆ ಸ್ಪೆಕ್ ಶೀಟ್ ಓದುವುದನ್ನು ಹೊಸದಾಗಿ ಕಲಿತೆ. '135 ಡಿಬಿ' (ಡೆಸಿಬೆಲ್, ಶಬ್ದದ ಜೋರಿನ ಅಳತೆ) ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ ಅಲ್ವಾ? ಅದು ಸಾಮಾನ್ಯವಾಗಿ ಒಂದು ಮೀಟರ್ ದೂರದ ಪೀಕ್, ಅಂದರೆ ಕ್ಷಣಮಾತ್ರದ ಗರಿಷ್ಠದ ಲೆಕ್ಕ. ಎಷ್ಟೋ ಸಲ ಬಾಕ್ಸ್ ನೆಲದ ಮೇಲಿದೆ ಎಂದುಕೊಂಡು ಸಿಗುವ 6 ಡಿಬಿ ಕೂಡ ಅದರಲ್ಲೇ ಸೇರಿರುತ್ತದೆ. ಬಯಲಿನಲ್ಲಿ ದೂರ ಎರಡರಷ್ಟು ಆದಾಗಲೆಲ್ಲ 6 ಡಿಬಿ ಹೋಗುತ್ತದೆ. 1 ಮೀಟರ್‌ನಿಂದ 32 ಮೀಟರ್‌ಗೆ ಬರುವಷ್ಟರಲ್ಲಿ 30 ಡಿಬಿ ಹೋಯಿತು. ಇನ್ನು ಆ 135 ಯಾವ ಹರ್ಟ್ಜ್‌ನಲ್ಲಿ ಸಿಕ್ಕಿದ್ದು ಎನ್ನುವುದನ್ನು ಹೆಚ್ಚಿನ ಶೀಟ್‌ಗಳು ಹೇಳುವುದಿಲ್ಲ. 80ರಲ್ಲಿ ಜೋರು ಬರುವ ಬಾಕ್ಸ್ 40ರಲ್ಲಿ ಅಷ್ಟೇ ಬರುತ್ತದೆ ಎನ್ನುವ ಹಾಗಿಲ್ಲ. ಒಂದು ಆಕ್ಟೇವ್ ಕೆಳಗೆ, ಅಂದರೆ 80ರಿಂದ 40ಕ್ಕೆ ಇಳಿದಾಗ, ಅಷ್ಟೇ ಜೋರು ಬೇಕಾದರೆ ನಾಲ್ಕರಷ್ಟು ಗಾಳಿ ತಳ್ಳಬೇಕು. '38 ಹರ್ಟ್ಜ್ ತನಕ' ಎಂದಿದ್ದರೆ ಅದು 3 ಡಿಬಿ ಕಡಿಮೆಯಾಗುವ ಜಾಗವೋ 10 ಡಿಬಿ ಕಡಿಮೆಯಾಗುವ ಜಾಗವೋ ನೋಡಿ. ಎರಡಕ್ಕೂ ಅಜಗಜಾಂತರ.

ಗಾಳಿ ತಳ್ಳುವ ಮಾತು ಬಂದಾಗ ಕೋನ್‌ನ ಅಳತೆಯನ್ನೂ ಲೆಕ್ಕ ಹಾಕಿದೆ. 18 ಇಂಚಿನ ಕೋನ್‌ನ ಹರವು ಸುಮಾರು 1,200 ಚದರ ಸೆಂಟಿಮೀಟರ್. 15 ಇಂಚಿನದ್ದು ಸುಮಾರು 850, 12 ಇಂಚಿನದ್ದು ಸುಮಾರು 530. ನನ್ನ ಹಳೆಯ ಎರಡು 12 ಸೇರಿದರೂ ಒಂದು 18ಕ್ಕೆ ಸಮ ಆಗುತ್ತಿರಲಿಲ್ಲ. ಎರಡು 15 ಮಾತ್ರ ಒಂದು 18 ಅನ್ನು ಮೀರಿಸುತ್ತವೆ. ಕೋನ್ ಎಷ್ಟು ಮುಂದೆ ಹಿಂದೆ ಹೋಗುತ್ತದೆ ಎನ್ನುವುದೂ ಇದರಲ್ಲಿ ಸೇರುತ್ತದೆ, ಆದರೂ ಈ ಲೆಕ್ಕದಿಂದ ಎಷ್ಟೋ ಗೊಂದಲ ಹೋಯಿತು.

ಹಾರ್ನ್ ಸಬ್‌ನತ್ತ (ತುತ್ತೂರಿಯಂತೆ ಅಗಲವಾಗುವ ದಾರಿಯಿಂದ ಶಬ್ದ ಹೊರಬರುವ ಬಾಕ್ಸ್) ಮನಸ್ಸು ತುಂಬಾ ಎಳೆಯಿತು. ಗೆಳೆಯರೊಬ್ಬರ ಹತ್ತಿರ ಟ್ಯಾಪ್ಡ್ ಹಾರ್ನ್ ಇತ್ತು. ಟಾಮ್ ಡ್ಯಾನ್ಲಿ ರೂಪಿಸಿದ ಬಗೆ ಅದು. ಕೋನ್‌ನ ಮುಂದಿನ ಮುಖ, ಹಿಂದಿನ ಮುಖ ಎರಡೂ ಒಂದೇ ಹಾರ್ನ್‌ಗೆ ಬೇರೆ ಬೇರೆ ಜಾಗದಲ್ಲಿ ಶಬ್ದ ಕೊಡುತ್ತವೆ. ಅದನ್ನು ಕೇಳಿದ ದಿನ ನಿದ್ದೆ ಬರಲಿಲ್ಲ. ಅಷ್ಟು ಸ್ವಚ್ಛ, ಅಷ್ಟು ದೂರ. ಆದರೆ ಅದರ ಗಾತ್ರ ನನ್ನ ವ್ಯಾನ್‌ಗೆ ಆಗುವಂಥದ್ದಲ್ಲ. ಮಡಚಿದ ಹಾರ್ನ್‌ಗಳು ನಾಲ್ಕಾರು ಸೇರಿದಾಗಲೇ ಪೂರ್ತಿ ಮೈ ಬಿಡುತ್ತವೆ, ಒಂಟಿಯಾಗಿ ಇಟ್ಟರೆ ಕೆಳಗಿನ ಬೇಸ್ ಸಣಕಲು. ಶಬ್ದ ಒಳಗೆ ಸುತ್ತಿ ಹೊರಬರುವುದರಿಂದ ತಡವೂ ಆಗುತ್ತದೆ, ಟಾಪ್‌ಗೆ ಅಷ್ಟು ಡಿಲೇ ಕೊಡಬೇಕು. ದೊಡ್ಡ ಗಾಡಿ, ನಾಲ್ಕು ಜನ ಇದ್ದವರು ಖಂಡಿತ ನೋಡಿ. ನಾನು ಪೋರ್ಟ್ ಇರುವ ರಿಫ್ಲೆಕ್ಸ್ ಬಾಕ್ಸ್‌ಗೇ ಬಂದೆ.

ಉಳಿದದ್ದು ಡಬಲ್ 18 (ಒಂದೇ ಬಾಕ್ಸ್‌ನಲ್ಲಿ 18 ಇಂಚಿನ ಎರಡು ಡ್ರೈವರ್, ಅಂದರೆ ಕೋನ್ ಇರುವ ಸ್ಪೀಕರ್) ಎರಡೋ ಸಿಂಗಲ್ 18 ನಾಲ್ಕೋ ಎನ್ನುವ ಪ್ರಶ್ನೆ. ಕಾಗದದ ಮೇಲೆ ಎರಡೂ ಒಂದೇ. ಡಬಲ್ ಆದರೆ ಕೇಬಲ್ ಕಡಿಮೆ, ಜೋಡಣೆ ಬೇಗ. ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಂದು ನೋಡಿದೆ. ಅವತ್ತಿನ ಹಾಲ್ ಮೊದಲನೇ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ. 90 ಕೆಜಿ ಮೀರಿದ ಬಾಕ್ಸ್. ಹುಡುಗ ಮೇಲೆ, ನಾನು ಕೆಳಗೆ. ಮೆಟ್ಟಿಲು ತಿರುಗುವ ಜಾಗದಲ್ಲಿ ಬಾಕ್ಸ್ ಗೋಡೆಗೆ ಸಿಕ್ಕಿಕೊಂಡಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಹ್ಯಾಂಡಲ್ ಬಾಕ್ಸಿನ ಸರಿ ಮಧ್ಯದಲ್ಲಿತ್ತು. ತೂಕ ಮಾತ್ರ ಡ್ರೈವರ್‌ಗಳು ಇರುವ ಮುಂಭಾಗದಲ್ಲಿ. ಹಾಗಾಗಿ ಬಾಕ್ಸ್ ನನ್ನ ಕಡೆಗೇ ವಾಲುತ್ತಿತ್ತು. ಎರಡು ನಿಮಿಷ ಹಾಗೇ ನಿಂತೆವು, ಜೀವ ಬಾಯಿಗೆ ಬಂದಿತ್ತು. ಮೇಲಿನಿಂದ ಯಾರೋ ಇಬ್ಬರು ಇಳಿದು ಬಂದು ಕೈ ಹಾಕಿದ ಮೇಲೆ ಬಾಕ್ಸ್ ಮೇಲೆ ಹೋಯಿತು. ನನ್ನ ಸೊಂಟ ಸರಿಯಾಗಲು ಎರಡು ವಾರ ಹಿಡಿಯಿತು.

ಸಿಂಗಲ್ 18ಗಳು ಬಹುಪಾಲು 35ರಿಂದ 55 ಕೆಜಿ ಒಳಗೆ ಸಿಗುತ್ತವೆ. ಕ್ಯುಎಸ್‌ಸಿ ಕೆಎಸ್118, ಆರ್‌ಸಿಎಫ್ ಸಬ್ 8003, ಯಮಹಾ ಡಿಎಕ್ಸ್‌ಎಸ್18 ಎಲ್ಲ ಈ ಜಾತಿಯವು. 18 ಇಂಚಿನ ಒಂದು ಡ್ರೈವರ್, ಒಳಗೇ ಕ್ಲಾಸ್ ಡಿ ಆಂಪ್. ನಿಯೋಡಿಮಿಯಮ್ ಮ್ಯಾಗ್ನೆಟ್ ಇದ್ದರೆ ಫೆರೈಟ್‌ಗಿಂತ ಹಲವು ಕೆಜಿ ಕಡಿಮೆ. ಅಂಗಡಿಯಲ್ಲಿ ಸುಮ್ನೆ ನೋಡಿ ಬರಬೇಡಿ, ಎತ್ತಿ ನೋಡಿ. ಹ್ಯಾಂಡಲ್‌ನಲ್ಲಿ ನಾಲ್ಕೂ ಬೆರಳು ಪೂರ್ತಿ ಹೋಗಬೇಕು. ಬಾಕ್ಸ್ ಅನ್ನು ಹಿಂದಕ್ಕೆ ವಾಲಿಸಿ ಚಕ್ರದ ಮೇಲೆ ಒಬ್ಬರೇ ತಳ್ಳಲು ಬರಬೇಕು. ಚಕ್ರ 100 ಮಿಲಿಮೀಟರ್‌ಗಿಂತ ಚಿಕ್ಕದಾದರೆ ಜಲ್ಲಿ ನೆಲದಲ್ಲಿ ಸಿಕ್ಕಿಬೀಳುತ್ತದೆ.

ನಿಜವಾದ ಪರೀಕ್ಷೆ ಮಾಡಿದ್ದು ಖಾಲಿ ಮೈದಾನದಲ್ಲಿ. ಕೋಣೆಯಲ್ಲಿ ಸಬ್ ಕೇಳಿದರೆ ನಾವು ಕೇಳುವುದು ಕೋಣೆಯನ್ನೇ. ಮೂರು ಬೇರೆ ಬೇರೆ ಬಾಕ್ಸ್ ಎರವಲು ತಂದೆ. ಸುತ್ತ 30 ಮೀಟರ್ ಗೋಡೆ ಇಲ್ಲದ ಜಾಗ ನೋಡಿ, ಅಳತೆಯ ಮೈಕ್ ಅನ್ನು 10 ಮೀಟರ್ ದೂರದಲ್ಲಿ ನೆಲದ ಮೇಲೇ ಮಲಗಿಸಿದೆ. ಲ್ಯಾಪ್‌ಟಾಪ್‌ನಲ್ಲಿ ಓಪನ್ ಸೌಂಡ್ ಮೀಟರ್ ಎಂಬ ಅಳತೆಯ ಸಾಫ್ಟ್‌ವೇರ್. ಮೀಟರ್‌ನಲ್ಲಿ 'ಎ' ವೆಯ್ಟಿಂಗ್ ಇಟ್ಟುಕೊಳ್ಳಬೇಡಿ. ಅದು 50 ಹರ್ಟ್ಜ್‌ನಲ್ಲಿ 30 ಡಿಬಿ ಕಡಿಮೆ ತೋರಿಸುತ್ತದೆ, ಸಬ್ ಇದ್ದರೂ ಇಲ್ಲದಂತೆ. 'ಸಿ' ಇಡಿ. ಮೊದಲು 40, 50, 63, 80 ಹರ್ಟ್ಜ್‌ಗಳನ್ನು ಒಂದೊಂದು ಸೆಕೆಂಡಿನಷ್ಟೇ ಕೊಟ್ಟೆ. ಹೀಗೆ ಒಂದೇ ಸ್ವರವನ್ನು (ಸೈನ್) ಉದ್ದಕ್ಕೆ ಕೊಟ್ಟರೆ ಕಾಯಿಲ್ ಸುಟ್ಟೀತು. ಪೋರ್ಟ್ ಪಕ್ಕದಲ್ಲಿ ಮೊಣಕಾಲೂರಿ ಕೂತು ಕಿವಿಗೊಟ್ಟೆ. ಒಂದು ಬಾಕ್ಸ್‌ನಲ್ಲಿ 40 ಕೊಟ್ಟಾಗ ಬೇಸ್‌ಗಿಂತ ಮುಂಚೆ ಗಾಳಿಯೇ ಕೇಳುತ್ತಿತ್ತು, ಸೈಕಲ್ ಪಂಪ್ ಹೊಡೆದಂತೆ ಪುಸ್ ಪುಸ್. ಪೋರ್ಟ್ ಚಿಕ್ಕದಾದರೆ ಹೀಗೆ. ಅದು ಅಲ್ಲಿಗೇ ಪಟ್ಟಿಯಿಂದ ಹೋಯಿತು.

ಉಳಿದ ಎರಡಕ್ಕೆ ಕಿಕ್ ಮತ್ತು ಬೇಸ್‌ನ ಒಂದು ಲೂಪ್ ಹಾಕಿ, ಲಿಮಿಟರ್ ಲೈಟ್ ಆಗಾಗ ಮಿನುಗುವ ಮಟ್ಟದಲ್ಲಿ ಬಿಟ್ಟೆ. ಇಬ್ಬರೂ ಕಿವಿಗೆ ಪ್ಲಗ್ ಹಾಕಿಕೊಂಡು ಕಾದೆವು. ಹತ್ತು ನಿಮಿಷಕ್ಕೊಮ್ಮೆ ರೀಡಿಂಗ್ ಬರೆಯುವುದು ಹುಡುಗನ ಕೆಲಸ. ಮೊದಲ ಅರ್ಧ ಗಂಟೆ ಎರಡೂ ಸರಿಸಮ. ಒಂದೂವರೆ ಗಂಟೆಗೆ ಒಂದು ಬಾಕ್ಸ್ ಸುಮಾರು 3 ಡಿಬಿ ಕೆಳಗಿಳಿದಿತ್ತು. ಇನ್ನೊಂದು ಒಂದು ಡಿಬಿಯೂ ಇಳಿದಿರಲಿಲ್ಲ. ಮುಖಬೆಲೆಯಲ್ಲಿ ಇಳಿದ ಬಾಕ್ಸ್‌ನ ವಾಟ್ಸೇ ಜಾಸ್ತಿ! ಕಾರಣ ಸರಳ. ಕಾಯಿಲ್‌ನ ತಾಮ್ರ 100 ಡಿಗ್ರಿ ಜಾಸ್ತಿ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಶೇಕಡ 39ರಷ್ಟು ಏರುತ್ತದೆ. ಆಂಪ್ ಅಷ್ಟೇ ವೋಲ್ಟೇಜ್ ಕೊಟ್ಟರೂ ಕಾಯಿಲ್ ಕಡಿಮೆ ಪವರ್ ಎಳೆಯುತ್ತದೆ. ಲಿಮಿಟರ್ ಕೂಡ ತನ್ನ ರಕ್ಷಣೆಗೆ ಇನ್ನಷ್ಟು ಹಿಡಿಯುತ್ತದೆ. 3 ಡಿಬಿ ಎಂದರೆ ಅರ್ಧ ಪವರ್ ಹೋದಂತೆ. ನಾನು ಇಳಿಯದ ಬಾಕ್ಸ್ ಆರಿಸಿದೆ.

ಒಂದೇ ಮಾಡೆಲ್‌ನ ನಾಲ್ಕು ಕೊಂಡೆ, ಒಟ್ಟಿಗಲ್ಲ, ಎರಡು ಸಲಕ್ಕೆ. ಒಂದೇ ಮಾಡೆಲ್ ಎನ್ನುವುದರಲ್ಲಿ ರಾಜಿ ಬೇಡ. ಬೇರೆ ಬೇರೆ ಬಾಕ್ಸ್‌ಗಳ ಫೇಸ್ (ಅಲೆ ಏರಿಳಿಯುವ ಹೊತ್ತು) ಬೇರೆ ಇರುತ್ತದೆ, ಪಕ್ಕಪಕ್ಕ ಇಟ್ಟರೆ ಕೂಡಿಕೊಳ್ಳುವ ಬದಲು ಕಾದಾಡುತ್ತವೆ. ಒಂದೇ ತರಹದ ಎರಡನ್ನು ಒತ್ತಿ ಇಟ್ಟರೆ 6 ಡಿಬಿ ಜಾಸ್ತಿ, ನಾಲ್ಕಾದರೆ 12. ಒಂದೇ ಬಾಕ್ಸ್‌ಗೆ ಎರಡರಷ್ಟು ವಾಟ್ಸ್ ಹಾಕಿದರೆ ಸಿಗುವುದು 3 ಮಾತ್ರ. ಅದಕ್ಕೇ ದೊಡ್ಡ ಆಂಪ್‌ಗಿಂತ ಇನ್ನೊಂದು ಬಾಕ್ಸ್ ಮೇಲು ಎನ್ನುತ್ತೇನೆ.

ಇದೇ ಕಾರಣಕ್ಕೆ ಈಗ ಸಬ್‌ಗಳನ್ನು ಎಡಕ್ಕೆ ಎರಡು, ಬಲಕ್ಕೆ ಎರಡು ಎಂದು ಹಂಚುವುದಿಲ್ಲ. ಹಂಚಿದರೆ ನಟ್ಟನಡುವೆ ಬೇಸ್ ಗುಮ್ಮೆನ್ನುತ್ತದೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಮಾಯ. ಒಂದು ಕಡೆಯದಕ್ಕಿಂತ ಇನ್ನೊಂದು ಕಡೆಯದು 2.9 ಮೀಟರ್ ದೂರ ಬೀಳುವ ಜಾಗದಲ್ಲಿ 60 ಹರ್ಟ್ಜ್ ಒಂದನ್ನೊಂದು ಹೊಡೆದು ಹಾಕುತ್ತದೆ. ನಾಲ್ಕನ್ನೂ ಸ್ಟೇಜ್ ಮುಂದೆ ಮಧ್ಯದಲ್ಲಿ ಸೇರಿಸಿ ಇಟ್ಟ ಮೊದಲ ದಿನ ಮೈದಾನದ ಉದ್ದಗಲಕ್ಕೆ ನಡೆದು ನೋಡಿದೆ. ಎಲ್ಲೂ ತೂತು ಇರಲಿಲ್ಲ. ತುಂಬಾ ಖುಷಿಯಾಯಿತು.

ಸ್ಟೇಜ್ ಮೇಲೆ ಬೇಸ್ ಜಾಸ್ತಿಯಾಗಿ ಮೈಕ್‌ಗಳು ಗುಯ್‌ಗುಡುವ ಕಡೆ ಕಾರ್ಡಿಯಾಯ್ಡ್ ಜೋಡಣೆ (ಬೇಸ್ ಹಿಂದಕ್ಕೆ ಹೋಗದಂತೆ ಇಡುವ ಬಗೆ) ಮಾಡುತ್ತೇನೆ. ಎರಡು ಮುಂದೆ, ಎರಡು ಹಿಂದೆ. ನಡುವೆ 1.1 ಮೀಟರ್. ಹಿಂದಿನವಕ್ಕೆ ಪೊಲಾರಿಟಿ (ಅಲೆಯ ಪ್ಲಸ್-ಮೈನಸ್) ಉಲ್ಟಾ, 3.2 ಮಿಲಿಸೆಕೆಂಡ್ ಡಿಲೇ. ಶಬ್ದ ಸೆಕೆಂಡಿಗೆ ಸುಮಾರು 344 ಮೀಟರ್ ಹೋಗುತ್ತದೆ. 1.1 ಮೀಟರ್‌ಗೆ ಅಷ್ಟೇ ಹೊತ್ತು ಬೇಕು. ಮುಂದಿನ ಬಾಕ್ಸ್‌ನ ಅಲೆ ಹಿಂದಿನದನ್ನು ತಲುಪುವ ಕ್ಷಣಕ್ಕೆ ಸರಿಯಾಗಿ ಅದರ ಉಲ್ಟಾ ಅಲೆ ಹೊರಡುತ್ತದೆ, ಹಿಂದೆ ಎರಡೂ ಅಳಿಸಿಹೋಗುತ್ತವೆ. ಮೊದಲ ಸಲ ಮಾಡಿದಾಗ ನಾನು ಡ್ರಮ್ ಪಕ್ಕ ನಿಂತಿದ್ದೆ. ಹುಡುಗ ಮಿಕ್ಸರ್‌ನಲ್ಲಿ ಸೆಟ್ಟಿಂಗ್ ಬದಲಿಸಿದ. ಕಾಲ ಕೆಳಗಿನ ಹಲಗೆಯ ನಡುಕ ನಿಂತೇ ಹೋಯಿತು. ಅಲುಗುತ್ತಿದ್ದ ಸಿಂಬಲ್ ಸ್ಟ್ಯಾಂಡ್ ಸುಮ್ಮನಾಯಿತು. ಮುಂದೆ ಹೋಗಿ ನೋಡಿದರೆ ಬೇಸ್ ಹಾಗೇ ಇದೆ. ಇದಕ್ಕೆ ತೆರುವ ಬೆಲೆಯೂ ಇದೆ. 80ರ ಹತ್ತಿರ ಮುಂದೆ ಪೂರ್ತಿ ಕೂಡಿಕೊಳ್ಳುತ್ತದೆ, 40ರ ಕಡೆ ಸುಮಾರು 3 ಡಿಬಿ ಬಿಟ್ಟುಕೊಡಬೇಕು. ನಾಲ್ಕು ಬಿಡಿ ಬಾಕ್ಸ್ ಇರುವುದರಿಂದ ಬೇಕಾದಾಗ ಹೀಗೆ, ಬೇಡವಾದಾಗ ಹಾಗೆ. ಡಬಲ್ 18 ಎರಡರಲ್ಲಿ ಈ ಸಲೀಸು ಇಲ್ಲ. ಎರಡು 12 ಇಂಚಿನ ಡ್ರೈವರ್ ಹಾಕಿ ಒಂದೇ ಬಾಕ್ಸ್‌ನಲ್ಲಿ ಇದನ್ನು ಮಾಡುವ ಕ್ಯುಎಸ್‌ಸಿ ಕೆಎಸ್212ಸಿ ತರಹದ ಸಬ್‌ಗಳೂ ಇವೆ. ಚಿಕ್ಕ ಸ್ಟೇಜ್‌ಗೆ ಅದು ಒಳ್ಳೆಯ ದಾರಿ.

ಟಾಪ್‌ಗೂ ಸಬ್‌ಗೂ ತಾಳೆ ಮಾಡುವುದನ್ನು ಯಾವ ಅವಸರದಲ್ಲೂ ಬಿಡಬೇಡಿ. ನಾನು 90 ಹರ್ಟ್ಜ್‌ಗೆ ಕ್ರಾಸ್ ಮಾಡುತ್ತೇನೆ, ಅಂದರೆ ಅದರ ಕೆಳಗಿನದ್ದು ಸಬ್‌ಗೆ, ಮೇಲಿನದ್ದು ಟಾಪ್‌ಗೆ. ಅದೇ ಸ್ವರವನ್ನು ಎರಡರಲ್ಲೂ ಒಂದೇ ಮಟ್ಟಕ್ಕೆ ಹಾಕಿ, ಸಬ್‌ನ ಪೊಲಾರಿಟಿ ಉಲ್ಟಾ ಮಾಡಿ, ಶಬ್ದ ಅತಿ ಕಡಿಮೆಯಾಗುವ ತನಕ ಡಿಲೇ ಸರಿಸುತ್ತೇನೆ. ಆಮೇಲೆ ಪೊಲಾರಿಟಿ ವಾಪಸ್. ಐದು ನಿಮಿಷದ ಕೆಲಸ, ಕಿಕ್‌ಗೆ ಜೀವ ಬರುತ್ತದೆ. 35ರ ಕೆಳಗಿನದ್ದನ್ನು ಕತ್ತರಿಸುವ ಹೈಪಾಸ್ ಕೂಡ ಹಾಕುತ್ತೇನೆ. ಪೋರ್ಟ್ ಟ್ಯೂನ್ ಆದ ಜಾಗದ ಕೆಳಗೆ ಕೋನ್‌ಗೆ ಗಾಳಿಯ ಹಿಡಿತ ಇರುವುದಿಲ್ಲ, ಸುಮ್ನೆ ಎಗರಾಡಿ ಹಾಳಾಗುತ್ತದೆ.

ಕರೆಂಟ್ ಬಗ್ಗೆ ಒಂದೇ ಮಾತು. ಉದ್ದನೆಯ ತೆಳು ಎಕ್ಸ್‌ಟೆನ್ಷನ್‌ನಲ್ಲಿ ನಾಲ್ಕು ಸಬ್ ಹಾಕಬೇಡಿ. ಪ್ರತಿ ಕಿಕ್‌ಗೂ ವೋಲ್ಟೇಜ್ ಕುಸಿಯುತ್ತದೆ, ಮೊದಲು ಸೊರಗುವುದು ಬೇಸ್.

ಈಗ ಪ್ರತಿ ಬಾಕ್ಸ್‌ನ ಹಿಂದೆ ಬಿಳಿ ಟೇಪ್ ಅಂಟಿಸಿದ್ದೇನೆ. ಮುಂದಿನ ಎರಡರ ಮೇಲೆ 'ನೇರ' ಎಂದಿದೆ. ಹಿಂದಿನ ಎರಡರ ಮೇಲೆ 'ಉಲ್ಟಾ, 3.2, 1.1 ಮೀಟರ್' ಎಂದಿದೆ. 1.1 ಮೀಟರ್‌ಗೆ ಕತ್ತರಿಸಿದ ಒಂದು ಹಗ್ಗ ಕೇಬಲ್ ಪೆಟ್ಟಿಗೆಯಲ್ಲೇ ಇರುತ್ತದೆ. ನಾನು ಮಿಕ್ಸರ್ ಹೊಂದಿಸುವಷ್ಟರಲ್ಲಿ ಹುಡುಗ ಅಳೆದು, ಇಟ್ಟು, ಜೋಡಿಸಿ ಮುಗಿಸಿರುತ್ತಾನೆ. ಶೋ ಮುಗಿದ ಮೇಲೆ ಇಬ್ಬರೂ ಹೋಗಿ ನಾಲ್ಕೂ ಪ್ಲೇಟ್ ಮುಟ್ಟಿ ನೋಡುತ್ತೇವೆ. ಬೆಚ್ಚಗಿರುತ್ತವೆ, ಅಷ್ಟೇ.